ಕಿಟಕಿ ಮುಚ್ಚಿದವರು ಯಾರು: ಸೆರೆಮನೆಯ ಸೋಂಕು ಮತ್ತು ಬಂದಿಯ ಹಕ್ಕು

1773ರಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್‌ನ ಶೆರಿಫ್ ಆಗಿ ನೇಮಕಗೊಂಡ ಜಾನ್ ಹೋವರ್ಡ್, ತನ್ನ ವ್ಯಾಪ್ತಿಯ ಜೈಲನ್ನೊಮ್ಮೆ ನೋಡಿ ಬರೋಣವೆಂದು ಹೊರಟವನು, ಉಳಿದ ಆಯುಷ್ಯವನ್ನೆಲ್ಲ ಜೈಲುಗಳನ್ನು ನೋಡುವುದರಲ್ಲಿಯೇ ಕಳೆದ. ಜೈಲಿನಿಂದ ಹೊರಬಂದ ಮೇಲೆ ತನ್ನ ಬಟ್ಟೆಯ ನಾತವನ್ನು ತಾನೇ ತಡೆಯಲಾರದೆ ಮುಚ್ಚಿದ ಗಾಡಿಯನ್ನು ಬಿಟ್ಟು ಕುದುರೆಯ ಮೇಲೆ ಪ್ರಯಾಣ ಮಾಡುತ್ತಿದ್ದುದಾಗಿಯೂ, ಟಿಪ್ಪಣಿ ಪುಸ್ತಕದ ಹಾಳೆಗಳನ್ನು ಒಂದೆರಡು ತಾಸು ಬೆಂಕಿಯ ಮುಂದೆ ಹರಡಿಟ್ಟ ಮೇಲಷ್ಟೇ ಅದನ್ನು ಮತ್ತೆ ಬಳಸಲು ಆಗುತ್ತಿದ್ದುದಾಗಿಯೂ ಅವನು ಬರೆದಿದ್ದಾನೆ. ಅವನ ಟಿಪ್ಪಣಿಗಳಲ್ಲಿ ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಆಗ ಇಂಗ್ಲೆಂಡಿನಲ್ಲಿ ಕಿಟಕಿಗಳ ಲೆಕ್ಕದ ಮೇಲೆ ತೆರಿಗೆ ಇತ್ತು. ಜೈಲಿನ ಕಟ್ಟಡಕ್ಕೆ ಆ ತೆರಿಗೆಯನ್ನು ಜೈಲರನೇ ಕಟ್ಟಬೇಕಾಗಿತ್ತು. ಹಾಗಾಗಿ ಜೈಲರರು ಕಿಟಕಿಗಳನ್ನು ಮುಚ್ಚಿಸಿಬಿಡುತ್ತಿದ್ದರು. ಒಳಗಿದ್ದವರು ಉಸಿರುಗಟ್ಟಿ ನರಳುತ್ತಿದ್ದುದಕ್ಕೆ ಇದೂ ಒಂದು ಕಾರಣವಿರಬಹುದೆಂದು ಹೋವರ್ಡ್ ಊಹಿಸಿದ.

ಜೈಲಿನ ಸೋಂಕುಗಳ ಬಗ್ಗೆ ಇಂದು ನಡೆಯುವ ಚರ್ಚೆಯ ತಿರುಳೂ ಇದೇ. ರೋಗಾಣು ನಿಸರ್ಗದ್ದು; ಆದರೆ ಒಂದು ಕೋಣೆಯಲ್ಲಿ ಎಷ್ಟು ಜನ ಮಲಗಬೇಕು, ಕಿಟಕಿ ಎಷ್ಟು ದೊಡ್ಡದಿರಬೇಕು, ಕೆಮ್ಮುವವನನ್ನು ವೈದ್ಯರ ಬಳಿಗೆ ಯಾವಾಗ ಕರೆದೊಯ್ಯಬೇಕು ಎಂಬುದನ್ನು ನಿರ್ಧರಿಸುವವರು ಬೇರೆ. ಹೊರಗಿರುವ ಮನುಷ್ಯ ಕೆಮ್ಮುವವರಿಂದ ಎದ್ದು ದೂರ ಹೋಗಬಲ್ಲ, ಕಿಟಕಿ ತೆರೆಯಬಲ್ಲ, ಒಬ್ಬ ವೈದ್ಯರು ಸರಿಹೋಗದಿದ್ದರೆ ಇನ್ನೊಬ್ಬರ ಬಳಿ ಹೋಗಬಲ್ಲ. ಬಂದಿಯ ಕೈಯಿಂದ ಈ ಮೂರನ್ನೂ ಪ್ರಭುತ್ವ ಕಿತ್ತುಕೊಂಡಿರುತ್ತದೆ. ಕಿತ್ತುಕೊಂಡ ಮೇಲೆ ಆ ಕೆಲಸಗಳ ಹೊಣೆಯೂ ಅದರ ಮೇಲೆಯೇ ಬೀಳುತ್ತದೆ. ಬಂದಿಗಳ ಆರೋಗ್ಯದ ಹಕ್ಕನ್ನು ಕರುಣೆಯ ವಿಷಯವೆಂದು ನೋಡುವವರು ಸಾಮಾನ್ಯವಾಗಿ ಮರೆಯುವುದು ಇದನ್ನೇ.

ಹಳೆಯ ಕಾಲದ ಜೈಲು ಜ್ವರ ಗೋಡೆಯೊಳಗೆ ಉಳಿಯುತ್ತಿರಲಿಲ್ಲ ಎಂಬುದಕ್ಕೆ ಎರಡು ಪ್ರಸಂಗಗಳು ಪ್ರಸಿದ್ಧ. 1577ರಲ್ಲಿ ಆಕ್ಸ್‌ಫರ್ಡ್‌ನ ನ್ಯಾಯಾಲಯಕ್ಕೆ ಕೈದಿಗಳನ್ನು ತಂದು ನಿಲ್ಲಿಸಿದ ಬಳಿಕ ಕೆಲವೇ ವಾರಗಳಲ್ಲಿ ಸುಮಾರು 300 ಜನ ಸತ್ತರು. ಸತ್ತವರಲ್ಲಿ ಮುಖ್ಯ ನ್ಯಾಯಾಧೀಶರೂ ಇದ್ದರು. 1750ರಲ್ಲಿ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ಅದೇ ಕಥೆ ಮರುಕಳಿಸಿ, ನಗರದ ಮೇಯರ್ ಮತ್ತು ನ್ಯಾಯಾಧೀಶರು ಸೇರಿದಂತೆ ಹಲವಾರು ಜನ ತೀರಿಕೊಂಡರು. ಆಮೇಲೆ ನ್ಯೂಗೇಟ್ ಜೈಲಿನ ಮಾಳಿಗೆಯ ಮೇಲೆ ಗಾಳಿಯಂತ್ರವೊಂದನ್ನು ಕೂರಿಸಲಾಯಿತು. ಅದನ್ನು ಕೂರಿಸಲು ಹೋದ ಕೆಲಸಗಾರರಲ್ಲೇ ಕೆಲವರು ಜ್ವರ ಹಿಡಿದು ಮಲಗಿದರು. 1774ರಲ್ಲಿ ಸಂಸತ್ತು ಬಂದಿಗಳ ಆರೋಗ್ಯಕ್ಕೆಂದೇ ಒಂದು ಕಾಯಿದೆ ಮಾಡಿ, ವರ್ಷಕ್ಕೊಮ್ಮೆಯಾದರೂ ಗೋಡೆಗಳನ್ನು ಕೆರೆದು ಸುಣ್ಣ ಬಳಿಯಬೇಕು, ಗಾಳಿಯಾಡಬೇಕು, ರೋಗಿಗಳಿಗೆ ಬೇರೆ ಕೋಣೆ ಇರಬೇಕು, ವೈದ್ಯನೊಬ್ಬನನ್ನು ನೇಮಿಸಬೇಕು ಎಂದು ವಿಧಿಸಿತು. ಆ ಕಾಯಿದೆಯ ಪ್ರತಿಗಳನ್ನು ಹೋವರ್ಡ್ ತನ್ನ ಖರ್ಚಿನಲ್ಲಿ ಅಚ್ಚು ಹಾಕಿಸಿ ಜೈಲರರಿಗೆಲ್ಲ ಕಳಿಸಿದ. ಆ ಜ್ವರ ಟೈಫಸ್ ಎಂದೂ, ಅದು ಹರಡುವುದು ದುರ್ಗಂಧದಿಂದಲ್ಲ, ಮೈಮೇಲಿನ ಹೇನಿನಿಂದ ಎಂದೂ ತಿಳಿಯಲು 1909ರವರೆಗೆ, ಶಾರ್ಲ್ ನಿಕೋಲ್ ಟ್ಯೂನಿಸ್‌ನಲ್ಲಿ ನಡೆಸಿದ ಪ್ರಯೋಗದವರೆಗೆ, ಕಾಯಬೇಕಾಯಿತು. ಹೋವರ್ಡ್‌ನ ಕಾಲದವರು ಕಾರಣ ಹೇಳುವಲ್ಲಿ ತಪ್ಪಿದ್ದರು, ಆದರೆ ಕೈತೋರಿಸಿದ ಜಾಗ ಸರಿಯಾಗಿತ್ತು: ಒತ್ತೊತ್ತಾಗಿ ತುಂಬಿದ, ತೊಳೆಯದ, ಗಾಳಿಯಿಲ್ಲದ ಕೋಣೆ.

ಟೈಫಸ್‌ನ ಜಾಗದಲ್ಲಿ ಈಗ ಕ್ಷಯ ಇದೆ, ಮತ್ತು ಕ್ಷಯದ ವಿಷಯದಲ್ಲಿ ಗಾಳಿಯ ಮೇಲಿನ ಆರೋಪ ನಿಜವೇ. ಜಗತ್ತಿನ ಜೈಲುಗಳಲ್ಲಿ ಯಾವುದೇ ದಿನ 1 ಕೋಟಿ 10 ಲಕ್ಷಕ್ಕೂ ಹೆಚ್ಚು ಜನರಿರುತ್ತಾರೆ. ಅವರಲ್ಲಿ 2019ರ ಒಂದೇ ವರ್ಷದಲ್ಲಿ ಸುಮಾರು 1,25,000 ಮಂದಿಗೆ ಹೊಸದಾಗಿ ಕ್ಷಯ ತಗುಲಿತೆಂದು ಒಂದು ಜಾಗತಿಕ ಅಧ್ಯಯನ ಅಂದಾಜು ಮಾಡಿದೆ; ಹೊರಗಿನ ಜನಕ್ಕೆ ಹೋಲಿಸಿದರೆ ಇದು ಹತ್ತು ಪಟ್ಟಿನ ಆಸುಪಾಸು. ಅದಕ್ಕಿಂತ ಕಳವಳದ ಅಂಕಿ ಇನ್ನೊಂದು: ಇವರಲ್ಲಿ ಪತ್ತೆಯಾಗಿ ದಾಖಲಾದವರು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಉಳಿದವರು ದಿನವಿಡೀ ಕಾವಲುಗಾರರ ಕಣ್ಣೆದುರಿನಲ್ಲೇ ಇದ್ದವರು, ದಿನಕ್ಕೆ ಹಲವು ಸಲ ತಲೆ ಎಣಿಸಿಕೊಂಡವರು. ಆದರೂ ಅವರ ರೋಗ ಲೆಕ್ಕಕ್ಕೆ ಸಿಗಲಿಲ್ಲ. ಇನ್ನು 2016ರಲ್ಲಿ ಪ್ರಕಟವಾದ ವಿಸ್ತಾರವಾದ ಅಧ್ಯಯನವೊಂದರ ಪ್ರಕಾರ ಜಗತ್ತಿನ ಬಂದಿಗಳಲ್ಲಿ ಶೇ 3.8ರಷ್ಟು ಜನರಿಗೆ ಎಚ್‌ಐವಿ, ಶೇ 15.1ರಷ್ಟು ಜನರಿಗೆ ಹೆಪಟೈಟಿಸ್ ಸಿ, ಶೇ 4.8ರಷ್ಟು ಜನರಿಗೆ ದೀರ್ಘಕಾಲದ ಹೆಪಟೈಟಿಸ್ ಬಿ ಇತ್ತು. ತುರಿಕಜ್ಜಿ, ಹುಳುಕಡ್ಡಿ, ಆಗಾಗ ಬರುವ ಭೇದಿ ಇವೆಲ್ಲ ಇಂಥ ಲೆಕ್ಕಗಳಿಗೆ ಬರುವುದೇ ಇಲ್ಲ, ಬಂದಿಗಳ ದಿನನಿತ್ಯದ ಗೋಳು ಮಾತ್ರ ಹೆಚ್ಚಾಗಿ ಅವುಗಳದ್ದೇ.

ಇಷ್ಟು ರೋಗ ಅಲ್ಲೇಕೆ ಎಂದು ಕೇಳಿದರೆ, ‘ಅಂಥವರೇ ಅಲ್ಲಿಗೆ ಬರುವುದು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದರಲ್ಲಿ ಅರೆಪಾಲು ಸತ್ಯವಿದೆ. ಬಡವರು, ಮನೆಯಿಲ್ಲದವರು, ಮಾದಕವ್ಯಸನಕ್ಕೆ ಸಿಕ್ಕವರು, ವೈದ್ಯರ ಮುಖವನ್ನೇ ಕಾಣದವರು ಜೈಲಿಗೆ ಹೋಗುವ ಸಂಭವ ಎಲ್ಲ ದೇಶಗಳಲ್ಲೂ ಹೆಚ್ಚು. ರೋಗವೂ ಇವರನ್ನೇ ಮೊದಲು ಹುಡುಕಿಕೊಂಡು ಬರುತ್ತದೆ. ಆದರೆ ಉಳಿದರ್ಧ ಸತ್ಯ ಒಳಗೇ ತಯಾರಾಗುತ್ತದೆ. ಆರೋಗ್ಯವಾಗಿ ಒಳಗೆ ಹೋದವನು ಕ್ಷಯ ಹೊತ್ತು ಬರುವುದು, ಒಂದು ಜೈಲಿನ ಸೋಂಕು ಬಂದಿಗಳ ವರ್ಗಾವಣೆಯ ವಾಹನದಲ್ಲಿ ಕುಳಿತು ಇನ್ನೊಂದು ಜೈಲಿಗೆ ಹೋಗುವುದು, ಅರ್ಧಕ್ಕೆ ನಿಂತ ಔಷಧದಿಂದ ರೋಗಾಣು ಮದ್ದಿಗೆ ಬಗ್ಗದಂತಾಗುವುದು, ಇವು ಬಂದಿಗಳ ಸ್ವಭಾವದಿಂದ ಆದವಲ್ಲ. ಸೋವಿಯತ್ ಒಕ್ಕೂಟ ಕುಸಿದ ನಂತರದ ವರ್ಷಗಳಲ್ಲಿ ರಷ್ಯಾದ ಜೈಲುಗಳು ಔಷಧ ನಿರೋಧಕ ಕ್ಷಯದ ಕಾರ್ಖಾನೆಗಳಂತಾದದ್ದು ಹೀಗೆಯೇ: ಜೈಲುಗಳು ತುಂಬಿದವು, ಹಣ ಬತ್ತಿತು, ಮಾತ್ರೆಗಳು ಒಂದು ತಿಂಗಳು ಬಂದರೆ ಇನ್ನೊಂದು ತಿಂಗಳು ಬರಲಿಲ್ಲ.

ಆ ಕಾಲದ ಒಂದು ಕೋಣೆಯನ್ನು ಹತ್ತಿರದಿಂದ ನೋಡಲು ಮಾನವ ಹಕ್ಕುಗಳ ಯುರೋಪಿಯನ್ ನ್ಯಾಯಾಲಯ 2002ರಲ್ಲಿ ನೀಡಿದ ಕಲಾಶ್ನಿಕೋವ್ ತೀರ್ಪು ಸಾಕು. ದೂರುದಾರ ಬ್ಯಾಂಕೊಂದರ ಅಧ್ಯಕ್ಷನಾಗಿದ್ದವನು; ರಷ್ಯಾದ ಪೂರ್ವದಂಚಿನ ಮಗದಾನ್ ನಗರದ ಜೈಲಿನಲ್ಲಿ ವರ್ಷಗಟ್ಟಲೆ ಇದ್ದವನು. ಎಂಟು ಜನರಿಗೆಂದು ಮಾಡಿದ ಕೋಣೆಯಲ್ಲಿ ಸಾಮಾನ್ಯವಾಗಿ 24 ಜನರಿದ್ದರೆಂದು ಅವನು ಹೇಳಿದ. ಒಂದೊಂದು ಮಂಚಕ್ಕೆ ಹಲವರು. ಪಾಳಿಯ ಮೇಲೆ ಮಲಗಬೇಕು, ಉಳಿದವರು ನೆಲದ ಮೇಲೋ ಪೆಟ್ಟಿಗೆಯ ಮೇಲೋ ಕುಳಿತು ತಮ್ಮ ಸರದಿಗೆ ಕಾಯಬೇಕು. ದೀಪ ಆರಿಸುವಂತಿಲ್ಲ, ಟಿವಿ ನಿಲ್ಲುವುದಿಲ್ಲ, ಮೂಲೆಯಲ್ಲಿ ಮರೆಯಿಲ್ಲದ ಕಕ್ಕಸು, ಬೀಡಿ ಸಿಗರೇಟಿನ ಹೊಗೆ ಹೊರಹೋಗಲು ದಾರಿಯಿಲ್ಲ. ಕ್ಷಯ ಮತ್ತು ಸಿಫಿಲಿಸ್ ಇದ್ದವರನ್ನೂ ಕೆಲವೊಮ್ಮೆ ಅದೇ ಕೋಣೆಗೆ ಹಾಕುತ್ತಿದ್ದರು. ಅವನಿಗೆ ಚರ್ಮರೋಗ, ಶಿಲೀಂಧ್ರದ ಸೋಂಕು ಹತ್ತಿದವು. ದೂರುದಾರ ಮತ್ತು ಸರ್ಕಾರ ಇಬ್ಬರ ಲೆಕ್ಕವನ್ನೂ ತೂಗಿ ನೋಡಿದ ನ್ಯಾಯಾಲಯ, ತಲೆಗೆ ಸಿಕ್ಕ ಜಾಗ 0.9ರಿಂದ 1.9 ಚದರ ಮೀಟರ್ ಎಂದು ಕಂಡುಕೊಂಡಿತು. ಒಬ್ಬ ಮನುಷ್ಯ ಅಂಗಾತ ಮಲಗಿದರೆ ಹೆಚ್ಚೂಕಡಿಮೆ ಅಷ್ಟೇ ಜಾಗ ಬೇಕು. ಬೇಕೆಂದೇ ಅವಮಾನಿಸುವ ಉದ್ದೇಶ ಅಧಿಕಾರಿಗಳಿಗಿರಲಿಲ್ಲ ಎಂದು ಒಪ್ಪಿದ ನ್ಯಾಯಾಲಯ, ಉದ್ದೇಶ ಇರಲಿಲ್ಲವೆಂದ ಮಾತ್ರಕ್ಕೆ ಇದು ಅಮಾನವೀಯ ನಡವಳಿಕೆಯಲ್ಲ ಎನ್ನಲಾಗದು ಎಂದಿತು. ನನ್ನ ದೃಷ್ಟಿಯಲ್ಲಿ ಆ ತೀರ್ಪಿನ ಜೀವ ಇರುವುದು ಈ ಮಾತಿನಲ್ಲಿ. ಜೈಲಿನಲ್ಲಿ ರೋಗದಿಂದ ಸಾಯುವವರನ್ನು ಯಾರೂ ಕೊಲ್ಲಬೇಕೆಂದು ಕೊಲ್ಲುವುದಿಲ್ಲ. ಹಣ ಇರುವುದಿಲ್ಲ, ಸಿಬ್ಬಂದಿ ಇರುವುದಿಲ್ಲ, ಕಡತ ಇನ್ನೊಂದು ಮೇಜಿನ ಮೇಲಿರುತ್ತದೆ.

ಅದೇ ನ್ಯಾಯಾಲಯ 2016ರಲ್ಲಿ ಕ್ರೊವೇಷಿಯಾದ ಪ್ರಕರಣವೊಂದರಲ್ಲಿ, ಹಲವರಿರುವ ಕೋಣೆಯಲ್ಲಿ ತಲೆಗೆ 3 ಚದರ ಮೀಟರ್‌ಗಿಂತ ಕಡಿಮೆ ಸಿಕ್ಕರೆ ಹಕ್ಕಿನ ಉಲ್ಲಂಘನೆಯಾಗಿದೆ ಎಂಬ ಬಲವಾದ ಊಹೆಯಿಂದಲೇ ವಿಚಾರಣೆ ಆರಂಭಿಸಬೇಕು ಎಂದಿತು. ಚಿತ್ರಹಿಂಸೆ ತಡೆಯುವ ಯುರೋಪಿನ ಸಮಿತಿ ಕೇಳುವುದು 4 ಚದರ ಮೀಟರ್. ಆದರೆ ಕ್ಷಯದ ರೋಗಾಣುವಿಗೆ ಚದರ ಮೀಟರ್ ಗೊತ್ತಿಲ್ಲ. ಅದಕ್ಕೆ ಬೇಕಾದದ್ದು ಘನ ಅಳತೆ: ಕೋಣೆಯಲ್ಲಿ ಎಷ್ಟು ಗಾಳಿ ಇದೆ, ಅದು ಗಂಟೆಗೆ ಎಷ್ಟು ಸಲ ಬದಲಾಗುತ್ತದೆ, ಬೀಗ ಎಷ್ಟು ಗಂಟೆ ಬಿದ್ದಿರುತ್ತದೆ. ಸಂಜೆ ಬೀಗ ಹಾಕಿ ಬೆಳಿಗ್ಗೆ ತೆಗೆಯುವ ಬ್ಯಾರಕ್ಕಿನಲ್ಲಿ ಒಬ್ಬ ಕೆಮ್ಮುವ ರೋಗಿ ಹನ್ನೆರಡು ಗಂಟೆ ಅದೇ ಗಾಳಿಯನ್ನು ಉಳಿದವರೊಂದಿಗೆ ಹಂಚಿಕೊಳ್ಳುತ್ತಾನೆ. ಹಗಲಿನಲ್ಲಿ ಅಂಗಳ ಎಷ್ಟು ವಿಶಾಲವಾಗಿದ್ದರೂ ಆ ಹನ್ನೆರಡು ಗಂಟೆಗೆ ಅದು ಲೆಕ್ಕಕ್ಕಿಲ್ಲ. ಭದ್ರತೆಯ ಹೆಸರಿನಲ್ಲಿ ಕಿಟಕಿಗೆ ತಗಡು ಹೊಡೆಯುವ, ಚಳಿಗಾಲದಲ್ಲಿ ಪ್ಲಾಸ್ಟಿಕ್ ಹಾಳೆ ಕಟ್ಟುವ ಜೈಲುಗಳಲ್ಲಿ ವೈದ್ಯರು ಎಷ್ಟಿದ್ದರೂ ಸಾಲದು.

ಕಾನೂನು ಈ ವಿಷಯದಲ್ಲಿ ಅಸ್ಪಷ್ಟವಾಗಿಲ್ಲ. ಸ್ವಾತಂತ್ರ್ಯ ಕಳೆದುಕೊಂಡವರನ್ನೂ ಮಾನವ ಘನತೆಗೆ ತಕ್ಕಂತೆ ನಡೆಸಿಕೊಳ್ಳಬೇಕೆಂದು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 10ನೇ ವಿಧಿ ಹೇಳುತ್ತದೆ; ಸಾಂಕ್ರಾಮಿಕ ರೋಗಗಳ ತಡೆ ಮತ್ತು ಚಿಕಿತ್ಸೆ ಆರೋಗ್ಯದ ಹಕ್ಕಿನ ಭಾಗವೆಂದು ಆರ್ಥಿಕ, ಸಾಮಾಜಿಕ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಇವನ್ನು ಜೈಲಿನ ಭಾಷೆಗೆ ಇಳಿಸಿದ್ದು ವಿಶ್ವಸಂಸ್ಥೆಯ ಮಹಾಸಭೆ 2015ರ ಡಿಸೆಂಬರ್‌ನಲ್ಲಿ ಅಂಗೀಕರಿಸಿದ 122 ನಿಯಮಗಳು. 27 ವರ್ಷ ಸೆರೆಯಲ್ಲಿದ್ದ ನೆಲ್ಸನ್ ಮಂಡೇಲಾ ಅವರ ಹೆಸರನ್ನು ಅವಕ್ಕೆ ಇಡಲಾಗಿದೆ. ಮಂಡೇಲಾ ಅವರಿಗೂ ಸೆರೆಯಲ್ಲಿದ್ದಾಗಲೇ, 1988ರಲ್ಲಿ, ಕ್ಷಯ ತಗುಲಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು. 24ನೇ ನಿಯಮದ ಪ್ರಕಾರ ಬಂದಿಗಳ ಆರೋಗ್ಯ ಪ್ರಭುತ್ವದ ಹೊಣೆ. ಹೊರಗೆ ಸಿಗುವ ಮಟ್ಟದ ಚಿಕಿತ್ಸೆಯೇ ಒಳಗೂ ಉಚಿತವಾಗಿ ಸಿಗಬೇಕು. ಎಚ್‌ಐವಿ, ಕ್ಷಯ ಮುಂತಾದ ಸೋಂಕುಗಳಿಗೆ ಮತ್ತು ಮಾದಕವಸ್ತುವಿನ ಅವಲಂಬನೆಗೆ ನೀಡುವ ಚಿಕಿತ್ಸೆ ಒಳಬರುವಾಗಲಾಗಲಿ ಹೊರಹೋಗುವಾಗಲಾಗಲಿ ಕಡಿಯಬಾರದು. 27ನೇ ನಿಯಮ ಇನ್ನೂ ಖಡಕ್ಕಾಗಿದೆ: ಚಿಕಿತ್ಸೆಯ ತೀರ್ಮಾನ ವೈದ್ಯರದ್ದು, ಜೈಲಿನ ಇತರ ಸಿಬ್ಬಂದಿ ಅದನ್ನು ತಳ್ಳಿಹಾಕುವಂತಿಲ್ಲ, ಕಡೆಗಣಿಸುವಂತೆಯೂ ಇಲ್ಲ.

‘ಹೊರಗಿನಷ್ಟೇ ಒಳಗೂ’ ಎಂಬ ಸಮಾನತೆಯ ತತ್ವ ಕೇಳಲು ಸೊಗಸಾಗಿದೆ, ಆದರೆ ಅದು ಸಾಲದು ಎಂದು ನನಗನ್ನಿಸುತ್ತದೆ. ಹೊರಗಿಗಿಂತ ಹತ್ತು ಪಟ್ಟು ಕ್ಷಯ ಇರುವಲ್ಲಿ ಹೊರಗಿನಷ್ಟೇ ಚಿಕಿತ್ಸೆ ಕೊಟ್ಟರೆ ರೋಗ ಹತ್ತು ಪಟ್ಟೇ ಉಳಿಯುತ್ತದೆ. ಹೊರಗೆ ಎರಡು ವಾರ ಕೆಮ್ಮಿದವರು ತಾವಾಗಿ ಆಸ್ಪತ್ರೆಗೆ ಬರುವವರೆಗೆ ಕಾಯುವುದು ಒಪ್ಪಬಹುದಾದ ಪದ್ಧತಿಯಾದರೆ, ಒಳಗೆ ಅದು ಅಪರಾಧಕ್ಕೆ ಸಮೀಪದ ಅಲಕ್ಷ್ಯ. ಅಲ್ಲಿ ಕೆಮ್ಮು ಇರಲಿ ಇಲ್ಲದಿರಲಿ, ಒಳಬರುವಾಗಲೂ ಆಮೇಲೆ ನಿಯಮಿತವಾಗಿಯೂ ಎಲ್ಲರನ್ನೂ ಪರೀಕ್ಷಿಸಬೇಕಾಗುತ್ತದೆ. ಅಪಾಯವನ್ನು ಸೃಷ್ಟಿಸಿದವರ ಹೊಣೆ ಅಪಾಯದ ಗಾತ್ರಕ್ಕೆ ತಕ್ಕಂತಿರಬೇಕಲ್ಲವೆ?

ಒಂದು ಕೆಮ್ಮಿನ ದಾರಿಯನ್ನು ಹಿಡಿದು ಹೋದರೆ ನಿಯಮ ಮತ್ತು ವಾಸ್ತವದ ನಡುವಿನ ಅಂತರ ಕಾಣುತ್ತದೆ. ಬಂದಿಗೆ ರಾತ್ರಿ ಬೆವರುತ್ತದೆ, ಕಫದಲ್ಲಿ ರಕ್ತ ಕಾಣುತ್ತದೆ. ಅವನು ಹೇಳಬೇಕಾದದ್ದು ವೈದ್ಯರಿಗಲ್ಲ, ಬಾಗಿಲಲ್ಲಿರುವ ವಾರ್ಡರ್‌ಗೆ. ನಿಜವಾದ ರೋಗ ಯಾವುದು, ಕೆಲಸ ತಪ್ಪಿಸಿಕೊಳ್ಳುವ ನೆಪ ಯಾವುದು ಎಂಬ ಮೊದಲ ರೋಗನಿರ್ಣಯ ನಡೆಯುವುದು ಅಲ್ಲಿಯೇ. ಹೆಸರು ಪಟ್ಟಿಗೆ ಸೇರಿದರೆ ಜೈಲಿನ ದವಾಖಾನೆಯ ಸರದಿ. ಅಲ್ಲಿ ಎಕ್ಸ್‌ರೇ ಇಲ್ಲದಿದ್ದರೆ ಹೊರಗಿನ ಆಸ್ಪತ್ರೆಗೆ ಹೋಗಬೇಕು. ಹೋಗಲು ಬೆಂಗಾವಲು ಪೊಲೀಸರು ಬೇಕು. ಆ ದಿನ ಅವರೆಲ್ಲ ನ್ಯಾಯಾಲಯದ ಕೆಲಸಕ್ಕೆ ಹೋಗಿದ್ದರೆ ಮುಂದಿನ ವಾರ. ಅಷ್ಟರಲ್ಲಿ ಅವನನ್ನು ಬೇರೆ ಜೈಲಿಗೆ ವರ್ಗಾಯಿಸಿದರೆ ಕಫದ ಪರೀಕ್ಷೆಯ ಫಲಿತಾಂಶ ಹಳೆಯ ಜೈಲಿಗೆ ಬಂದು ಬೀಳುತ್ತದೆ. ಕೈಕೋಳ ಹಾಕಿಸಿಕೊಂಡು, ಪಕ್ಕದಲ್ಲೇ ಪೊಲೀಸನನ್ನು ನಿಲ್ಲಿಸಿಕೊಂಡು ವೈದ್ಯರ ಮುಂದೆ ಕುಳಿತವನು ಬಾಯಿಬಿಟ್ಟು ಏನನ್ನು ಹೇಳಿಯಾನು? ಎಚ್‌ಐವಿ ಇದೆ ಎಂಬ ಮಾತು ಆ ಕೋಣೆಯಿಂದ ಬ್ಯಾರಕ್ಕಿಗೆ ತಲುಪಲು ಒಂದು ದಿನವೂ ಬೇಡ. ವೈದ್ಯಕೀಯ ದಾಖಲೆ ಗೌಪ್ಯವಾಗಿರಬೇಕೆಂಬ 26ನೇ ನಿಯಮ ಇರುವುದು ಇದಕ್ಕಾಗಿ. ಪರೀಕ್ಷೆಗೆ ಒಪ್ಪಿದರೆ ಗುಟ್ಟು ಬಯಲಾಗುತ್ತದೆಂದು ಗೊತ್ತಿರುವಲ್ಲಿ ಯಾರೂ ಪರೀಕ್ಷೆಗೆ ಒಪ್ಪುವುದಿಲ್ಲ. ಬಲವಂತವಾಗಿ ರಕ್ತ ತೆಗೆದರೆ ಅಂಕಿ ಸಿಗುತ್ತದೆ, ನಂಬಿಕೆ ಹೋಗುತ್ತದೆ, ನಂಬಿಕೆ ಹೋದ ಮೇಲೆ ಕ್ಷಯದ ಆರು ತಿಂಗಳ ಮಾತ್ರೆಯನ್ನು ಯಾರೂ ಮುಗಿಸುವುದಿಲ್ಲ.

ಕಿಟಕಿ ತೆರಿಗೆಯ ಮರಿಯೊಂದು ಇನ್ನೂ ಬದುಕಿದೆ ಎಂದರೆ ಆಶ್ಚರ್ಯವಾಗಬಹುದು. ಅಮೆರಿಕದ ಹಲವು ರಾಜ್ಯಗಳ ಜೈಲುಗಳಲ್ಲಿ ವೈದ್ಯರನ್ನು ಕಾಣಬೇಕಾದರೆ ಬಂದಿ ಕೆಲವು ಡಾಲರ್ ಶುಲ್ಕ ಕೊಡಬೇಕು. ಮೊತ್ತ ಚಿಕ್ಕದು, ಆದರೆ ಜೈಲಿನ ಕೂಲಿ ಗಂಟೆಗೆ ಸೆಂಟುಗಳ ಲೆಕ್ಕದಲ್ಲಿರುವಾಗ ಅದು ಹಲವು ದಿನಗಳ ದುಡಿಮೆ. ಸುಮ್ಮನೆ ದವಾಖಾನೆಗೆ ಬರುವವರನ್ನು ತಡೆಯಲು ಈ ಶುಲ್ಕ ಎನ್ನುತ್ತಾರೆ. ಕೋವಿಡ್ ಬಂದ ಕೂಡಲೇ ಬಹುತೇಕ ರಾಜ್ಯಗಳು ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿದ್ದೇ, ಅದು ಯಾರನ್ನು ತಡೆಯುತ್ತಿತ್ತು ಎಂಬುದಕ್ಕೆ ಅವರೇ ಕೊಟ್ಟ ಸಾಕ್ಷಿ.

ಸೂಜಿ ಮತ್ತು ಕಾಂಡೋಮ್‌ಗಳ ವಿಷಯಕ್ಕೆ ಬಂದಾಗ ಅಡ್ಡಬರುವುದು ಹಣವಲ್ಲ, ಮುಖ ಉಳಿಸಿಕೊಳ್ಳುವ ಚಿಂತೆ. ಜೈಲಿನೊಳಗೆ ಮಾದಕವಸ್ತು ಇಲ್ಲ, ಲೈಂಗಿಕ ಸಂಪರ್ಕ ಇಲ್ಲ ಎಂಬುದು ಅಧಿಕೃತ ನಿಲುವು. ಇಲ್ಲದ್ದಕ್ಕೆ ರಕ್ಷಣೆ ಕೊಡುವುದೆಂದರೆ ಇದೆ ಎಂದು ಒಪ್ಪಿಕೊಂಡಂತೆ. 1992ರಲ್ಲಿ ಸ್ವಿಟ್ಜರ್ಲೆಂಡಿನ ಒಬರ್‌ಶೋನ್‌ಗ್ರೂನ್ ಜೈಲಿನ ವೈದ್ಯರೊಬ್ಬರು, ಒಂದೇ ಸೂಜಿಯನ್ನು ಹಲವರು ಬಳಸುತ್ತಿರುವುದನ್ನು ಕಂಡು, ಯಾರ ಅಪ್ಪಣೆಗೂ ಕಾಯದೆ ಶುಚಿಯಾದ ಸೂಜಿಗಳನ್ನು ಕೊಡಲಾರಂಭಿಸಿದರು. ಗೊತ್ತಾದ ಮೇಲೆ ಜೈಲಿನ ಮುಖ್ಯಸ್ಥರು ಅವರನ್ನು ತೆಗೆದುಹಾಕುವ ಬದಲು ಅವರ ವಾದವನ್ನು ಒಪ್ಪಿದರು. 1994ರಲ್ಲಿ ಅದೇ ದೇಶದ ಹಿಂಡೆಲ್‌ಬಾಂಕ್ ಮಹಿಳಾ ಜೈಲಿನಲ್ಲಿ ಯಂತ್ರದ ಮೂಲಕ ಸೂಜಿ ಬದಲಾಯಿಸುವ ವ್ಯವಸ್ಥೆ ಬಂತು. ಆಮೇಲೆ ಸ್ಪೇನ್, ಮಾಲ್ಡೋವಾ ಮುಂತಾದೆಡೆ ಅದು ಹಬ್ಬಿತು. ಸೂಜಿ ಆಯುಧವಾಗುತ್ತದೆ ಎಂಬ ಭಯ ಈ ಜೈಲುಗಳಲ್ಲಿ ನಿಜವಾಗಲಿಲ್ಲ. ಆದರೂ ಇಂಥ ವ್ಯವಸ್ಥೆ ಇರುವ ದೇಶಗಳು ಇಂದಿಗೂ ಬೆರಳೆಣಿಕೆಯಷ್ಟು. ವ್ಯಸನಕ್ಕೆ ಬದಲಿ ಔಷಧ ಕೊಡುವ ಚಿಕಿತ್ಸೆಗೂ ಇದೇ ಅಡ್ಡಿ: ಹೊರಗೆ ವರ್ಷಗಟ್ಟಲೆ ಆ ಚಿಕಿತ್ಸೆಯಲ್ಲಿದ್ದ, ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಎರಡೂ ಇದ್ದ ಬಂದಿಯೊಬ್ಬನಿಗೆ ಜರ್ಮನಿಯ ಜೈಲು ಅದನ್ನು ನಿಲ್ಲಿಸಿದಾಗ, ಸ್ವತಂತ್ರ ವೈದ್ಯರ ಅಭಿಪ್ರಾಯವನ್ನು ಕೇಳದೆ ಹಾಗೆ ಮಾಡಿದ್ದು ತಪ್ಪೆಂದು ಯುರೋಪಿಯನ್ ನ್ಯಾಯಾಲಯ 2016ರಲ್ಲಿ ಹೇಳಬೇಕಾಯಿತು. ಇದಕ್ಕೆ ಎದುರಾಗಿ ಆಸ್ಟ್ರೇಲಿಯಾದ ನಾಲ್ಕು ಜೈಲುಗಳಲ್ಲಿ ಹೆಪಟೈಟಿಸ್ ಸಿ ಇದ್ದವರಿಗೆಲ್ಲ ಹೊಸ ಮಾತ್ರೆಗಳನ್ನು ಕೊಟ್ಟು ನೋಡಿದಾಗ, ಹೊಸ ಸೋಂಕುಗಳು ಕೆಲವೇ ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿದವು. ಚಿಕಿತ್ಸೆ ಪಡೆದವನಿಗಷ್ಟೇ ಅಲ್ಲ, ಅವನ ಪಕ್ಕದವನಿಗೂ ಅದು ರಕ್ಷಣೆಯಾಯಿತು.

ರೋಗಿಯನ್ನು ಬೇರ್ಪಡಿಸುವ ಪ್ರಶ್ನೆ ಇದೆಲ್ಲಕ್ಕಿಂತ ಸೂಕ್ಷ್ಮ. ಸೋಂಕು ಹರಡುವ ಅವಧಿಯಲ್ಲಿ ರೋಗಿಯನ್ನು ಬೇರೆ ಇಟ್ಟು ಚಿಕಿತ್ಸೆ ಕೊಡಬೇಕೆಂದು ಮಂಡೇಲಾ ನಿಯಮಗಳೇ ಹೇಳುತ್ತವೆ. ಆದರೆ ದಿನಕ್ಕೆ 22 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಮನುಷ್ಯಸಂಪರ್ಕವಿಲ್ಲದೆ ಇಡುವುದನ್ನು ಅವೇ ನಿಯಮಗಳು ಏಕಾಂತ ಸೆರೆ ಎನ್ನುತ್ತವೆ, 15 ದಿನ ಮೀರಿದರೆ ನಿಷೇಧಿಸುತ್ತವೆ. ಕಾಗದದ ಮೇಲೆ ಇವೆರಡೂ ಬೇರೆ ಬೇರೆ; ಜೈಲಿನಲ್ಲಿ ಎರಡಕ್ಕೂ ಇರುವುದು ಹೆಚ್ಚಾಗಿ ಒಂದೇ ಕೋಣೆ. ಬೇರ್ಪಡಿಸುವ ನೆಪ ಅವಮಾನಿಸುವ ಪದ್ಧತಿಯಾಗುವುದೂ ಉಂಟು. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಎಚ್‌ಐವಿ ಇರುವ ಬಂದಿಗಳನ್ನು ಬೇರೆಯೇ ಇಡುವ ಪದ್ಧತಿಯನ್ನು ಫೆಡರಲ್ ನ್ಯಾಯಾಲಯ ಕಾನೂನುಬಾಹಿರವೆಂದು ಸಾರಿದ್ದು 2012ರಲ್ಲಿ. ಎಚ್‌ಐವಿ ಗಾಳಿಯಿಂದ, ಊಟದಿಂದ, ಹಸ್ತಲಾಘವದಿಂದ ಹರಡುವುದಿಲ್ಲವೆಂದು ಜಗತ್ತಿಗೆಲ್ಲ ತಿಳಿದು ಆಗಲೇ ಕಾಲು ಶತಮಾನ ಕಳೆದಿತ್ತು.

2020ರ ಮೇ ತಿಂಗಳ ಕೊನೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದದ್ದರಲ್ಲಿ ಈ ಎಳೆಗಳೆಲ್ಲ ಸೇರಿಕೊಂಡಿವೆ. ಚೀನೊ ಪಟ್ಟಣದ ಜೈಲಿನಲ್ಲಿ ಕೋವಿಡ್ ಹಬ್ಬಿತ್ತು. ಅಲ್ಲಿದ್ದ ವಯಸ್ಸಾದ, ಅಸ್ವಸ್ಥ ಬಂದಿಗಳನ್ನು ಕಾಪಾಡಬೇಕೆಂಬ ಒಳ್ಳೆಯ ಉದ್ದೇಶದಿಂದಲೇ 122 ಜನರನ್ನು ಬಸ್ಸುಗಳಲ್ಲಿ ಸ್ಯಾನ್ ಕ್ವೆಂಟಿನ್ ಜೈಲಿಗೆ ಕಳಿಸಲಾಯಿತು. ಅವರಲ್ಲಿ ಬಹಳಷ್ಟು ಜನರ ಪರೀಕ್ಷೆ ನಡೆದು ಆಗಲೇ ಮೂರು ನಾಲ್ಕು ವಾರಗಳಾಗಿದ್ದವು. ಅಲ್ಲಿಯವರೆಗೆ ಸ್ಯಾನ್ ಕ್ವೆಂಟಿನ್‌ನ ಬಂದಿಗಳಲ್ಲಿ ಸೋಂಕಿನ ಸುಳಿವಿರಲಿಲ್ಲ. 1852ರಲ್ಲಿ ಆರಂಭವಾದ ಆ ಜೈಲಿನಲ್ಲಿ ಅಂತಸ್ತಿನ ಮೇಲೆ ಅಂತಸ್ತಾಗಿ ಕೋಣೆಗಳಿವೆ. ಮುಂಭಾಗದಲ್ಲಿ ಗಟ್ಟಿ ಬಾಗಿಲಿಲ್ಲ, ಸರಳುಗಳಷ್ಟೆ. ಬಂದವರನ್ನು ಅಂಥ ಕೋಣೆಗಳಲ್ಲೇ ಇಡಲಾಯಿತು. ಜೂನ್‌ನಲ್ಲಿ ಭೇಟಿಯಿತ್ತ ವಿಶ್ವವಿದ್ಯಾಲಯದ ವೈದ್ಯರು, ಬಂದಿಗಳ ಸಂಖ್ಯೆಯನ್ನು ಕೂಡಲೇ ಅರ್ಧಕ್ಕೆ ಇಳಿಸಬೇಕೆಂದು ಬರೆದುಕೊಟ್ಟರು. ಶಿಕ್ಷೆಗೆ ಬಳಸುವ ಏಕಾಂತ ಕೋಣೆಗಳಲ್ಲಿ ರೋಗಿಗಳನ್ನು ಇಟ್ಟರೆ ಲಕ್ಷಣಗಳನ್ನು ಜನ ಬಚ್ಚಿಡುತ್ತಾರೆ ಎಂಬ ಎಚ್ಚರಿಕೆಯನ್ನೂ ಕೊಟ್ಟರು. ಆದದ್ದೂ ಹಾಗೆಯೇ. ಜ್ವರ ಬಂದಿದೆ ಎಂದು ಹೇಳಿದವನು ಸಾಮಾನು ಬಿಟ್ಟುಹೋಗಬೇಕು, ಮನೆಗೆ ಫೋನ್ ಮಾಡುವ ಅವಕಾಶ ತಪ್ಪುತ್ತದೆ ಎಂದಾದಾಗ ಯಾರು ಹೇಳುತ್ತಾರೆ? ಎರಡು ಸಾವಿರಕ್ಕೂ ಹೆಚ್ಚು ಬಂದಿಗಳಿಗೆ ಸೋಂಕು ತಗುಲಿತು. 28 ಬಂದಿಗಳೂ ಒಬ್ಬ ಸಿಬ್ಬಂದಿಯೂ ಸತ್ತರು.

ಆ ರಾಜ್ಯಕ್ಕೆ ಇದು ಹೊಸ ಪಾಠವೂ ಆಗಿರಲಿಲ್ಲ. ಸುಮಾರು 80,000 ಜನರಿಗೆ ಕಟ್ಟಿದ ಜೈಲುಗಳಲ್ಲಿ ಅದಕ್ಕೆ ಹತ್ತಿರಹತ್ತಿರ ಎರಡು ಪಟ್ಟು ಜನರನ್ನು ತುಂಬಿದ್ದಕ್ಕೆ ಅಮೆರಿಕದ ಸುಪ್ರೀಂ ಕೋರ್ಟ್ 2011ರ ಬ್ರೌನ್ ಮತ್ತು ಪ್ಲಾಟಾ ಪ್ರಕರಣದಲ್ಲಿ, ಸಂಖ್ಯೆಯನ್ನು ಸಾಮರ್ಥ್ಯದ ಶೇ 137.5ಕ್ಕೆ ಇಳಿಸಲೇಬೇಕೆಂಬ ಆದೇಶವನ್ನು ಎತ್ತಿಹಿಡಿದಿತ್ತು. ಒಂದು ಕಕ್ಕಸಿಗೆ 54 ಜನ; 12 ಅಡಿ ಅಗಲ, 20 ಅಡಿ ಉದ್ದದ ಪಂಜರದಂಥ ಕೋಣೆಯಲ್ಲಿ ಚಿಕಿತ್ಸೆಗೆ ಕಾಯುತ್ತ ಐದು ಗಂಟೆಯವರೆಗೆ ನಿಂತ 50 ರೋಗಿಗಳು. ಈ ವಿವರಗಳು ಬಂದಿಗಳ ದೂರಿನಿಂದಲ್ಲ, ತೀರ್ಪಿನಿಂದಲೇ ಆಯ್ದವು. ವೈದ್ಯರನ್ನು ಹೆಚ್ಚಿಸುವುದರಿಂದ ಸರಿಹೋಗುವ ಹಂತ ದಾಟಿದೆ, ಜನರನ್ನು ಕಡಿಮೆ ಮಾಡದೆ ದಾರಿಯಿಲ್ಲ ಎಂಬುದು ನ್ಯಾಯಾಲಯದ ತರ್ಕ.

ಈ ತರ್ಕ ಅಪ್ರಿಯ, ಆದರೆ ತಪ್ಪಿಸಿಕೊಳ್ಳಲಾಗದ್ದು. ಮುಖಗವಸು, ಸಾಬೂನು, ಎಕ್ಸ್‌ರೇ, ಲಸಿಕೆ ಎಲ್ಲವೂ ಬೇಕು. ಇವು ಯಾವುವೂ ಕೋಣೆಯನ್ನು ದೊಡ್ಡದು ಮಾಡಲಾರವು. ಜಗತ್ತಿನ ಬಂದಿಗಳಲ್ಲಿ ಸುಮಾರು ಮೂರನೇ ಒಂದು ಪಾಲು ಅಪರಾಧ ಸಾಬೀತಾಗದೆ ವಿಚಾರಣೆಗೆ ಕಾಯುತ್ತಿರುವವರು ಎಂಬುದನ್ನು ಗಮನಿಸಿದರೆ, ಕ್ಷಯ ನಿಯಂತ್ರಣದ ಅತ್ಯಂತ ಅಗ್ಗದ ಸಾಧನ ಜಾಮೀನು ಎಂದು ತೋರುತ್ತದೆ. ಬೇಕೆಂದರೆ ಅದು ಸಾಧ್ಯ ಎಂಬುದನ್ನು ಕೋವಿಡ್ ತೋರಿಸಿಕೊಟ್ಟಿತು. ಇರಾನ್ 2020ರ ಮಾರ್ಚ್‌ನಲ್ಲಿ ಸುಮಾರು 85,000 ಜನರನ್ನು ತಾತ್ಕಾಲಿಕವಾಗಿ ಬಿಟ್ಟಿತು. ಭಾರತದ ಸುಪ್ರೀಂ ಕೋರ್ಟ್ ಅದೇ ತಿಂಗಳ 23ರಂದು, ಯಾರನ್ನು ಪೆರೋಲ್ ಅಥವಾ ಮಧ್ಯಂತರ ಜಾಮೀನಿನ ಮೇಲೆ ಬಿಡಬಹುದೆಂದು ನಿರ್ಧರಿಸಲು ಉನ್ನತಾಧಿಕಾರ ಸಮಿತಿಗಳನ್ನು ರಚಿಸುವಂತೆ ರಾಜ್ಯಗಳಿಗೆ ಸೂಚಿಸಿತು. 2023ರ ಮಾರ್ಚ್‌ನಲ್ಲಿ, ಹಾಗೆ ಹೊರಬಂದವರೆಲ್ಲ 15 ದಿನಗಳೊಳಗೆ ಶರಣಾಗಬೇಕೆಂದಿತು. ಟರ್ಕಿ ಸುಮಾರು 90,000 ಜನರ ಬಿಡುಗಡೆಗೆ ಕಾನೂನು ಮಾಡಿತು, ಭಯೋತ್ಪಾದನೆ ವಿರೋಧಿ ಕಾಯಿದೆಯಡಿ ಸೆರೆಯಲ್ಲಿದ್ದ ಪತ್ರಕರ್ತರನ್ನೂ ರಾಜಕಾರಣಿಗಳನ್ನೂ ಅದರಿಂದ ಹೊರಗಿಟ್ಟಿತು. ಎಲ್ಲೆಡೆಯೂ ಬಾಗಿಲು ತೆರೆದದ್ದು ಹೆಚ್ಚಾಗಿ ಆರೋಪದ ಸ್ವರೂಪ ನೋಡಿ, ಶ್ವಾಸಕೋಶ ನೋಡಿ ಅಲ್ಲ. ದೀರ್ಘ ಶಿಕ್ಷೆಯಲ್ಲಿ ಮುದುಕರಾದವರು, ಅಂದರೆ ರೋಗಕ್ಕೆ ಮೊದಲು ಬಲಿಯಾಗುವವರು, ಪಟ್ಟಿಯ ಕೊನೆಯಲ್ಲೇ ಉಳಿದರು.

ಹೊರಗೆ ಬಿಡುವುದೂ ಅಷ್ಟಕ್ಕೇ ಮುಗಿಯುವುದಿಲ್ಲ. ಟೆಕ್ಸಾಸ್ ಜೈಲುಗಳಿಂದ ಬಿಡುಗಡೆಯಾದ ಎಚ್‌ಐವಿ ಸೋಂಕಿತರನ್ನು ಗಮನಿಸಿದ 2009ರ ಅಧ್ಯಯನದಲ್ಲಿ, ಕೈಯಲ್ಲಿದ್ದ ಔಷಧ ಮುಗಿಯುವ ಮೊದಲು, ಅಂದರೆ ಹತ್ತು ದಿನಗಳೊಳಗೆ, ಹೊಸ ಮಾತ್ರೆ ಪಡೆದವರು ಶೇ 5ರಷ್ಟು ಮಾತ್ರ. ಒಳಗಿನ ವೈದ್ಯರು ಗೃಹ ಇಲಾಖೆಯವರು, ಹೊರಗಿನವರು ಆರೋಗ್ಯ ಇಲಾಖೆಯವರು. ನಡುವಿನ ಬಾಗಿಲಲ್ಲಿ ಕಡತ ಬಿದ್ದುಹೋಗುತ್ತದೆ. ಜೈಲಿನ ಆರೋಗ್ಯ ಸೇವೆಯನ್ನು ನಾರ್ವೆ 1988ರಲ್ಲಿ, ಫ್ರಾನ್ಸ್ 1994ರಲ್ಲಿ ಆರೋಗ್ಯ ವ್ಯವಸ್ಥೆಗೇ ಒಪ್ಪಿಸಿದ್ದು ಈ ಕಾರಣಕ್ಕೆ. ಜೈಲರನ ಕೈಕೆಳಗೆ ಕೆಲಸ ಮಾಡದ ವೈದ್ಯ ಜೈಲರನಿಗೆ ‘ಆಗದು’ ಎನ್ನಬಲ್ಲ ಎಂಬುದು ಅದರ ಇನ್ನೊಂದು ಲಾಭ.

ಬಂದಿಗಳ ಆರೋಗ್ಯಕ್ಕೆ ಹಣ ಕೇಳುವವರು ಸಾಮಾನ್ಯವಾಗಿ ಹೂಡುವ ವಾದ, ಒಳಗಿನ ಸೋಂಕು ನಾಳೆ ಹೊರಗೆ ಬರುತ್ತದೆ, ನಮ್ಮ ಕ್ಷೇಮಕ್ಕಾದರೂ ಅವರನ್ನು ನೋಡಿಕೊಳ್ಳೋಣ ಎಂಬುದು. ಜೈಲಿನ ಆರೋಗ್ಯ ಸಾರ್ವಜನಿಕ ಆರೋಗ್ಯದ ಭಾಗವೆಂದು ಸಾರಿದ 2003ರ ಮಾಸ್ಕೋ ಘೋಷಣೆಯ ತಿರುಳೂ ಅದೇ. ಮಾತು ನಿಜ; ಸಿಬ್ಬಂದಿ ದಿನಾ ಮನೆಗೆ ಹೋಗುತ್ತಾರೆ, ಬಂದಿಗಳಲ್ಲಿ ಬಹುಪಾಲು ಜನ ಒಂದಲ್ಲ ಒಂದು ದಿನ ಹೊರಬರುತ್ತಾರೆ. ಸರ್ಕಾರಗಳ ಕಿವಿಗೆ ಬೀಳುವ ವಾದವೂ ಇದೊಂದೇ ಇರಬಹುದು. ಆದರೂ ಅದರಲ್ಲೊಂದು ತೂತಿದೆ. ಜೀವಾವಧಿ ಶಿಕ್ಷೆಗೆ ಒಳಗಾಗಿ ಎಂದೂ ಹೊರಬಾರದವನ ಕ್ಷಯದಿಂದ ಹೊರಗಿನವರಿಗೆ ಅಪಾಯ ಕಡಿಮೆ; ಹಾಗಾದರೆ ಅವನಿಗೆ ಮಾತ್ರೆ ಕೊಡುವ ಅಗತ್ಯವೂ ಕಡಿಮೆಯೆ? ಹಕ್ಕು ಎಂಬುದು ಬೇಕಾಗುವುದೇ ಇಂಥವನ ಸಲುವಾಗಿ, ನಮಗೆ ಅವನಿಂದ ಯಾವ ಲಾಭವೂ ನಷ್ಟವೂ ಇಲ್ಲದ ಹೊತ್ತಿನಲ್ಲಿ.

ಸ್ಯಾನ್ ಕ್ವೆಂಟಿನ್‌ನ ಪ್ರಕರಣ ಮುಂದೇನಾಯಿತು ಎಂಬುದನ್ನು ಹೇಳುವುದು ಉಳಿದಿದೆ. ಅಲ್ಲಿದ್ದ 60 ದಾಟಿದ ಬಂದಿಯೊಬ್ಬ ಹೂಡಿದ ಅರ್ಜಿಯ ಮೇಲೆ ರಾಜ್ಯದ ಮೇಲ್ಮನವಿ ನ್ಯಾಯಾಲಯ 2020ರ ಅಕ್ಟೋಬರ್‌ನಲ್ಲಿ, ಅಧಿಕಾರಿಗಳು ಗೊತ್ತಿದ್ದೂ ಅಲಕ್ಷಿಸಿದ್ದಾರೆ, ಬಂದಿಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಬೇಕು ಎಂದು ಆದೇಶಿಸಿತು. ಡಿಸೆಂಬರ್‌ನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆ ಪ್ರಕರಣವನ್ನು ಮರುಪರಿಶೀಲನೆಗೆ ಹಿಂದಕ್ಕೆ ಕಳಿಸಿತು. ವಿಚಾರಣೆ ಕೆಳ ನ್ಯಾಯಾಲಯಕ್ಕೆ ಬಂದು ಮುಗಿಯುವ ಹೊತ್ತಿಗೆ 2021 ಕೊನೆಗೊಳ್ಳುತ್ತಿತ್ತು. ಕ್ರೂರ ಶಿಕ್ಷೆಗೆ ಒಳಗಾಗದಿರುವ ಬಂದಿಗಳ ಸಾಂವಿಧಾನಿಕ ಹಕ್ಕಿನ ಉಲ್ಲಂಘನೆಯಾಗಿದೆ ಎಂದು ನ್ಯಾಯಾಧೀಶರು ಕಂಡುಕೊಂಡರು. ಈಗ ಲಸಿಕೆ ಬಂದಿರುವುದರಿಂದ ಪರಿಹಾರದ ಆದೇಶ ನೀಡಲು ಬರುವುದಿಲ್ಲ ಎಂದೂ ಅದೇ ತೀರ್ಪಿನಲ್ಲಿ ಬರೆದರು. ಕೋಣೆಗಳ ಸರಳುಗಳು ಇದ್ದಂತೆಯೇ ಇದ್ದವು.